ಬಾರಿಯೊಗೆ ಹೊರಟ ಕನ್ನಡಿಗರಿಗೆ: ಅಲ್ಲಿನ ಲೆಕ್ಕ, ನಮ್ಮ ಘಟ್ಟದ ಲೆಕ್ಕ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು, ಶನಿವಾರ ಬೆಳಿಗ್ಗೆ ಜೀಪು, ಮಧ್ಯಾಹ್ನ ಬೆಟ್ಟ, ರಾತ್ರಿ ಹೋಂಸ್ಟೇ ಅಂಗಳದಲ್ಲಿ ಬೆಂಕಿ, ಭಾನುವಾರ ವಾಪಸ್ಸು. ಮಲೆನಾಡು, ಕೊಡಗಿಗೆ ಹೋಗಿಬರುವ ಈ ಲೆಕ್ಕ ನಮ್ಮವರ ಮೈಗೆ ಎಷ್ಟು ಹತ್ತಿದೆಯೆಂದರೆ, ದೇಶ ಬಿಟ್ಟು ಬಂದ ಮೇಲೂ ಅದೇ ಗಡಿಯಾರ ನಡೆಯುತ್ತಿರುತ್ತದೆ. ಮಲೇಷ್ಯಾದ ಸರವಾಕ್ ರಾಜ್ಯದ ಮಿರಿ ಪಟ್ಟಣಕ್ಕೆ ಎಣ್ಣೆ ಕಂಪನಿಗಳ ಕೆಲಸಕ್ಕೆ ಬಂದವರಾಗಲಿ, ಸಿಂಗಪುರ, ಕೌಲಾಲಂಪುರದಿಂದ ರಜೆಗೆ ಬರುವವರಾಗಲಿ, ಬಾರಿಯೊ ಎಂದ ತಕ್ಷಣ ಕೇಳುವುದು ಒಂದೇ: "ಎರಡು ದಿನದಲ್ಲಿ ಮುಗಿಯುತ್ತಾ?" ಮುಗಿಯುವುದಿಲ್ಲ. ಐದು ದಿನ ಇದ್ದರೆ ಹೋಗಿ, ಇಲ್ಲದಿದ್ದರೆ ಬೇರೆ ಕಡೆ ನೋಡಿ ಎಂದೇ ನನ್ನ ಉತ್ತರ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬಾರಿಯೊ ಇರುವುದು ಬೋರ್ನಿಯೋ ದ್ವೀಪದ ಮಲೇಷ್ಯಾ ಭಾಗದಲ್ಲಿ, ಸರವಾಕ್ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಇಂಡೋನೇಷ್ಯಾ ಗಡಿಗೆ ತಾಗಿದಂತೆ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿ ಬಟ್ಟಲಿನಂಥ ಬಯಲು, ಅದರ ತುಂಬ ಗದ್ದೆ, ಸುತ್ತ ಮಳೆಕಾಡಿನ ಬೆಟ್ಟಗಳು. ಸರವಾಕ್‌ನ ಅತಿ ಎತ್ತರದ ಶಿಖರ ಮುರುದ್ ಕೂಡ ಇದೇ ಸೀಮೆಯದು, 2,400 ಮೀಟರ್ ದಾಟುತ್ತದೆ. ಊರಿನವರು ಕೆಲಾಬಿತ್ ಜನ. ಎಲ್ಲ ಸೇರಿಸಿ ಎಣಿಸಿದರೂ ಕೆಲವೇ ಸಾವಿರ, ಅವರಲ್ಲಿ ಹೆಚ್ಚಿನವರು ಓದಿ, ನೌಕರಿ ಹಿಡಿದು ಮಿರಿ, ಕುಚಿಂಗ್, ಕೌಲಾಲಂಪುರ ಸೇರಿದ್ದಾರೆ. ಮನೆಯಲ್ಲಿ ಅಪ್ಪ ಅಮ್ಮ, ಪಟ್ಟಣದಲ್ಲಿ ಮಕ್ಕಳು. ತೀರ್ಥಹಳ್ಳಿ, ಶೃಂಗೇರಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಿರಿಯಿಂದ ಅಲ್ಲಿಗೆ ಹೋಗುವುದು 19 ಸೀಟಿನ ಟ್ವಿನ್ ಒಟ್ಟರ್ ವಿಮಾನ. ಹಾರಾಟ 50 ನಿಮಿಷದ ಆಸುಪಾಸು. ಕೌಂಟರಿನಲ್ಲಿ ಚೀಲದ ಜೊತೆ ನಿಮ್ಮನ್ನೂ ತಕ್ಕಡಿ ಮೇಲೆ ನಿಲ್ಲಿಸುತ್ತಾರೆ, ನಾಚಿಕೊಳ್ಳುವಂಥದ್ದೇನಿಲ್ಲ. ಪುಟ್ಟ ವಿಮಾನ, ಸಣ್ಣ ರನ್‌ವೇ, ಸುತ್ತ ಬೆಟ್ಟ. ಒಟ್ಟು ತೂಕ ಮಿತಿಯೊಳಗಿರಬೇಕು, ಮುಂದೆ-ಹಿಂದೆ ಸರಿಯಾಗಿ ಹಂಚಿರಬೇಕು. ಲಗೇಜಿಗೆ ಸಿಗುವುದು ಸಾಮಾನ್ಯವಾಗಿ 10 ಕಿಲೋ. ಹೆಚ್ಚಿಗೆ ಹಣ ಕಟ್ಟುತ್ತೇನೆ ಎಂದರೂ ಆ ದಿನದ ವಿಮಾನದಲ್ಲಿ ತೂಕಕ್ಕೆ ಜಾಗ ಇರದಿದ್ದರೆ ಚೀಲ ಮಿರಿಯಲ್ಲೇ ಉಳಿಯುತ್ತದೆ. 10 ಕಿಲೋ ಹೀಗೆ ಹಂಚಿಕೊಂಡರೆ ಸಲೀಸು: ಬಟ್ಟೆ 3, ನಡೆಯುವ ಬೂಟು ಮತ್ತು ಉಂಬಳ (ಜಿಗಣೆ) ತಡೆಯುವ ಕಾಲುಚೀಲ 1, ಟಾರ್ಚು-ಔಷಧಿ-ರೈನ್‌ಕೋಟು 1, ಕ್ಯಾಮೆರಾ-ಚಾರ್ಜರು ಒಂದೂವರೆ, ಮನೆಯವರಿಗೆ ಒಯ್ಯುವ ಸಾಮಾನು 2. ಉಳಿದ ಒಂದೂವರೆ ಕಿಲೋ ಖಾಲಿ ಇರಲಿ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮನೆಗೆ ಏನು ತರಲಿ ಎಂದು ಮೊದಲೇ ಫೋನಿನಲ್ಲಿ ಕೇಳಿಬಿಡಿ. ಅಲ್ಲಿಗೆ ಹೋಗುವ ಪ್ರತಿಯೊಂದು ಸಾಮಾನಿಗೂ ಸಾಗಣೆ ಖರ್ಚು ಕೂಡುವುದರಿಂದ ಮಿರಿಯಲ್ಲಿ ಅಗ್ಗವಾಗಿ ಸಿಗುವ ವಸ್ತುವಿಗೆ ಅಲ್ಲಿ ಬೆಲೆ ಬೇರೆ.

ಬೆಳಗಿನ ಮಂಜು, ಮಧ್ಯಾಹ್ನದ ಮೋಡ ಎರಡೂ ಶತ್ರು. ಬೆಟ್ಟಗಳ ನಡುವೆ ಕಣ್ಣಿಗೆ ಕಾಣುವಷ್ಟು ಬಯಲು ಇದ್ದರೆ ಮಾತ್ರ ಇಳಿಸುತ್ತಾರೆ, ಇಲ್ಲವಾದರೆ ಹಾರಾಟ ರದ್ದು. ಒಂದು ಹಾರಾಟ ರದ್ದಾದರೆ 19 ಜನ ಮರುದಿನಕ್ಕೆ ಬೀಳುತ್ತಾರೆ, ಮರುದಿನದ ವಿಮಾನವೂ ಭರ್ತಿ. ಆದ್ದರಿಂದ ಮಿರಿಗೆ ಮರಳುವ ದಿನಕ್ಕೂ ಬೆಂಗಳೂರಿನ ವಿಮಾನಕ್ಕೂ ನಡುವೆ ಎರಡು ದಿನ ಬಿಡಿ. ನಮ್ಮವರು ಪೆಟ್ಟು ತಿನ್ನುವುದು ಇಲ್ಲೇ. ಒಂದು ದಿನದ ರಜೆ ಉಳಿಸಲು ಹೋಗಿ ಅಂತರರಾಷ್ಟ್ರೀಯ ಟಿಕೆಟ್ ಕಳೆದುಕೊಳ್ಳುತ್ತಾರೆ. ರಸ್ತೆಯೂ ಇದೆ, ಮರ ಸಾಗಿಸುವ ಕಂಪನಿಗಳು ಕಡಿದ ಮಣ್ಣಿನ ದಾರಿ. ಫೋರ್‌ವೀಲ್ ಗಾಡಿಯಲ್ಲಿ ಮಿರಿಯಿಂದ 12 ಗಂಟೆಗೂ ಮೇಲೆ, ಮಳೆ ಹೊಡೆದರೆ ಎಷ್ಟೆಂದು ಹೇಳುವಂತಿಲ್ಲ. ಹೋಗುವಾಗ ವಿಮಾನ, ತುರ್ತಾದರೆ ಬರುವಾಗ ಗಾಡಿ ಎಂದು ಮನಸ್ಸಿನಲ್ಲಿಟ್ಟುಕೊಂಡು, ಅದರ ಬಾಡಿಗೆಗೆ ಬೇಕಾಗುವ ನಗದನ್ನು ಬೇರೆಯಾಗಿ ತೆಗೆದಿಡುವುದು ಒಳ್ಳೆಯದು. ಒಟ್ಟಾರೆ ಖರ್ಚಿಗೂ ಮಿರಿಯಲ್ಲೇ ನಗದು ತೆಗೆದುಕೊಂಡು, ಅದರಲ್ಲಿ ಸಣ್ಣ ನೋಟುಗಳು ಸಾಕಷ್ಟಿರುವಂತೆ ನೋಡಿಕೊಳ್ಳಿ.

ಕಾಗದಪತ್ರದ ಮಾತು ಎರಡೇ ಸಾಲಿನಲ್ಲಿ: ಭಾರತೀಯರಿಗೆ 30 ದಿನದ ವೀಸಾರಹಿತ ಪ್ರವೇಶ 2023ರ ಡಿಸೆಂಬರ್‌ನಿಂದ ಇದೆ, 2026ರ ಕೊನೆಯವರೆಗೆ ವಿಸ್ತರಿಸಿದ್ದಾರೆ, ಡಿಜಿಟಲ್ ಆಗಮನ ಚೀಟಿಯನ್ನು ಹೊರಡುವ ಮೊದಲೇ ತುಂಬಬೇಕು. ಸರವಾಕ್‌ಗೆ ಸ್ವಂತ ವಲಸೆ ತಪಾಸಣೆ ಇದೆ, ಕೌಲಾಲಂಪುರದಿಂದ ಬಂದರೂ ಮತ್ತೆ ಪಾಸ್‌ಪೋರ್ಟ್ ತೋರಿಸಲೇಬೇಕು.

ಈಗ ನನಗೆ ಹೇಳಬೇಕಾದ ವಿಷಯ. ಬಾರಿಯೊದಲ್ಲಿ ಜನಜಂಗುಳಿ ಇಲ್ಲದಿರುವುದಕ್ಕೆ ಕೆಲಾಬಿತ್ ಜನರ ಪರಿಸರಪ್ರೇಮವೇ ಕಾರಣ ಎಂದು ನಮ್ಮಲ್ಲಿ ಕೆಲವರು ಭಾವುಕರಾಗಿ ಬರೆಯುತ್ತಾರೆ. ಪ್ರೇಮ ಇರಬಹುದು. ಆದರೆ ಕಾರಣ ವಿಮಾನದ ಸೀಟು. ದಿನಕ್ಕೆ ಎಷ್ಟು ಸೀಟೋ ಅಷ್ಟೇ ಜನ, ಅದರಲ್ಲೂ ಬಹಳಷ್ಟು ಮಂದಿ ಊರಿನವರೇ: ಆಸ್ಪತ್ರೆಗೆ ಹೋಗಿಬರುವ ಮುದುಕರು, ರಜೆಗೆ ಬರುವ ಮಕ್ಕಳು, ಮೇಷ್ಟ್ರು. ಬಂದವರಲ್ಲಿ ಯಾರು ಯಾರ ಮನೆಗೆ ಹೋಗುತ್ತಾರೆ ಎಂಬುದು ವಿಮಾನ ಇಳಿಯುವ ಮೊದಲೇ ಊರಿಗೆ ಗೊತ್ತಿರುತ್ತದೆ.

ನಮ್ಮ ಘಟ್ಟಕ್ಕೆ ಇಂಥ ಬಾಗಿಲೇ ಇಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಸೇರಿದ ಸಾಲನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು, ದಿನಕ್ಕೆ ಇಷ್ಟೇ ಜನ ಎಂದಿತು. ನೆರೆಯ ನೀಲಗಿರಿಗೆ ಮದ್ರಾಸ್ ಹೈಕೋರ್ಟ್ ಹೇಳಿ 2024ರ ಮೇ 7ರಿಂದ ಇ-ಪಾಸ್ ಬಂತು. ಒಳ್ಳೆಯದೇ, ತಕರಾರಿಲ್ಲ. ಆದರೆ ಎರಡರಲ್ಲೂ ಎಣಿಕೆ ಮಾಡುವುದು ವೆಬ್‌ಸೈಟು. ಬೆಟ್ಟದ ಬುಡದ ಊರಿನವರಿಗೆ ಬಂದವರು ಯಾರು, ಎಲ್ಲಿ ಮಲಗುತ್ತಾರೆ, ಊಟ ಎಲ್ಲಿ, ಕಸ ಎಲ್ಲಿ ಹಾಕುತ್ತಾರೆ ಒಂದೂ ಗೊತ್ತಾಗುವುದಿಲ್ಲ. ಹಾಗೆ ನೋಡಿದರೆ ನಮ್ಮಲ್ಲಿ ಬಾರಿಯೊ ಪದ್ಧತಿಗೆ ಹತ್ತಿರವಾದದ್ದು ಕುಮಾರಪರ್ವತದ ದಾರಿಯ ಗಿರಿಗದ್ದೆಯ ಭಟ್ಟರ ಮನೆ: ಎಷ್ಟು ಜನ ಬರುತ್ತೇವೆಂದು ಮೊದಲೇ ಹೇಳಿ, ಬಡಿಸಿದ ಅನ್ನ-ಸಾಂಬಾರು ಉಂಡು, ತಟ್ಟೆ ತೊಳೆದಿಟ್ಟು ಮುಂದೆ ನಡೆಯುವ ರೂಢಿ. ಒಬ್ಬರ ಮನೆ ನಡೆಸಿದ್ದನ್ನು ಬಾರಿಯೊದಲ್ಲಿ ಇಡೀ ಊರು ನಡೆಸುತ್ತದೆ.

ಉಳಿಯುವ ಮನೆಗಳ ವಿಷಯ. ಕೆಲವರು ಬೇರೆ ಲಾಡ್ಜು ಕಟ್ಟಿಕೊಂಡಿದ್ದಾರೆ, ಕೆಲವರು ಉದ್ದಮನೆಯಲ್ಲೇ ಜಾಗ ಕೊಡುತ್ತಾರೆ. ಬಾರಿಯೊ ಅಸಾಲ್ ಎಂಬ ಹಳ್ಳಿಯ ಉದ್ದಮನೆಯನ್ನು ನೋಡದೆ ಬರಬೇಡಿ. ನೆಲದಿಂದ ಎತ್ತರಕ್ಕೆ ಕಂಬಗಳ ಮೇಲೆ ನಿಂತ ಮರದ ಕಟ್ಟಡ. ಒಂದೇ ಸೂರಿನಡಿ ಹತ್ತಾರು ಕುಟುಂಬ. ಅಡುಗೆ ಭಾಗದಲ್ಲಿ ಸಾಲಾಗಿ ಒಲೆಗಳು, ಒಂದೊಂದು ಕುಟುಂಬಕ್ಕೆ ಒಂದೊಂದು, ನಡುವೆ ಗೋಡೆ ಇಲ್ಲ. ಒಲೆಯ ಮೇಲೆ ನಮ್ಮ ಅಟ್ಟದ ಹಾಗೇ ಹಂತಹಂತವಾಗಿ ಕಟ್ಟಿದ ಚೌಕಟ್ಟು, ಅಲ್ಲಿ ಸೌದೆ ಒಣಗುತ್ತಿರುತ್ತದೆ, ಮಾಂಸ ಹೊಗೆಯಾಡುತ್ತಿರುತ್ತದೆ, ಮಸಿ ಹಿಡಿದ ಬುಟ್ಟಿಗಳು ನೇತಾಡುತ್ತವೆ. ಇನ್ನೊಂದು ಬದಿಗೆ ಎಲ್ಲರಿಗೂ ಸೇರಿದ ಉದ್ದನೆಯ ಹಜಾರ, ಗೋಡೆ ತುಂಬ ಫೋಟೋಗಳು: ಪದವಿ ಪಡೆದ ಮಕ್ಕಳು, ಮದುವೆಗಳು, ತೀರಿಕೊಂಡ ಹಿರಿಯರು. ಯಾರ ಮನೆಯ ಅಡುಗೆ ಏನು ಎಂಬುದು ಇಡೀ ಸಾಲಿಗೆ ಕಾಣುತ್ತದೆ. ನಿಮ್ಮ ನಡತೆಯೂ ಕಾಣುತ್ತದೆ ಎಂದು ಬೇರೆ ಹೇಳಬೇಕೇ? ಚಪ್ಪಲಿ ಮೆಟ್ಟಿಲ ಬುಡದಲ್ಲಿ ಬಿಡಿ. ಹಜಾರದ ಫೋಟೋ ತೆಗೆಯುವ ಮೊದಲು ಒಲೆಯ ಹತ್ತಿರ ಕೂತ ಹಿರಿಯರನ್ನು ಕೇಳಿ.

ಹೆಸರಿನ ಪದ್ಧತಿ ತಿಳಿದಿರಬೇಕು. ಮೊದಲ ಮಗು ಹುಟ್ಟಿದ ಮೇಲೆ ಗಂಡ-ಹೆಂಡತಿ ಇಬ್ಬರೂ ಹೊಸ ಹೆಸರು ತೆಗೆದುಕೊಳ್ಳುತ್ತಾರೆ. ಮೊಮ್ಮಗು ಬಂದಾಗ ಮತ್ತೊಮ್ಮೆ. ಇದಕ್ಕೆಂದೇ ಊರಿಗೆಲ್ಲ ಊಟ ಹಾಕಿ, ಹೆಸರನ್ನು ಸಭೆಯಲ್ಲಿ ಕೂಗಿ ಹೇಳುತ್ತಾರೆ. ಹಾಗಾಗಿ ಬುಕಿಂಗ್ ಚೀಟಿಯಲ್ಲಿರುವ ಹೆಸರು, ಊರಿನವರು ಕರೆಯುವ ಹೆಸರು, ಗುರುತಿನ ಚೀಟಿಯ ಹೆಸರು ಮೂರೂ ಬೇರೆಯಾಗಿರುವುದುಂಟು. ವಿಮಾನ ನಿಲ್ದಾಣದಲ್ಲಿ ಇಳಿದು ಹಳೆಯ ಹೆಸರು ಹಿಡಿದು ಹುಡುಕಿದರೆ ಗೊಂದಲ. ಮನೆಯವರನ್ನು ಮೊದಲೇ "ಊರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ" ಎಂದು ಕೇಳಿ ಬರೆದುಕೊಳ್ಳಿ. ನಮ್ಮಲ್ಲೂ ಹಳ್ಳಿಯಲ್ಲಿ ಗಂಡನ ಹೆಸರು ಹೇಳದೆ ಮಗುವಿನ ಅಪ್ಪ ಎಂದು ಕರೆಯುವುದಿದೆ. ಅವರು ಅದನ್ನು ಹಬ್ಬ ಮಾಡಿ ಎಲ್ಲರೆದುರು ಖಾಯಂ ಮಾಡುತ್ತಾರೆ.

ಕೊಡಗಿನ ಹೋಂಸ್ಟೇಗಳಿಗೆ ಹೋಗಿ ರೂಢಿಯಾದವರಿಗೆ ಎರಡು ಎಚ್ಚರಿಕೆ. ಒಂದು, ಹೆಂಡ. ಬೋರ್ನಿಯೋ ಉದ್ದಮನೆ ಎಂದರೆ ಅಕ್ಕಿ ಹೆಂಡದ ಸ್ವಾಗತ ಎಂದು ಪ್ರವಾಸಿ ಪುಸ್ತಕಗಳಲ್ಲಿ ಓದಿಕೊಂಡು ಬರುತ್ತಾರೆ. ಅದು ಸರವಾಕ್‌ನ ಇನ್ನೊಂದು ಬುಡಕಟ್ಟಾದ ಇಬಾನ್ ಜನರ ಮಾತು. ಕೆಲಾಬಿತ್ ಜನರು ಕ್ರೈಸ್ತರಾದ ಮೇಲೆ ತಮ್ಮ ಅಕ್ಕಿ ಹೆಂಡವನ್ನು ಬಿಟ್ಟರು. 1973ರಲ್ಲಿ ಬಾರಿಯೊ ಶಾಲೆಯಿಂದಲೇ ಶುರುವಾದ ಧಾರ್ಮಿಕ ಜಾಗೃತಿ ಅದನ್ನು ಇನ್ನೂ ಗಟ್ಟಿ ಮಾಡಿತು. ಬಾಟಲಿ ಒಯ್ಯಬೇಡಿ, ಕೇಳಲೂ ಬೇಡಿ. ಎರಡು, ಭಾನುವಾರ. ಅವತ್ತು ಚರ್ಚು, ಗದ್ದೆ ಕೆಲಸವಿಲ್ಲ, ಗೈಡುಗಳೂ ಸಿಗುವುದು ಕಷ್ಟ. ನಮ್ಮ ವಾರಾಂತ್ಯದ ಲೆಕ್ಕ ಹಿಡಿದು ಭಾನುವಾರಕ್ಕೇ ದೊಡ್ಡ ನಡಿಗೆ ಇಟ್ಟುಕೊಂಡರೆ ಅಂಗಳದಲ್ಲಿ ಕೂತು ಬಯಲು ನೋಡಬೇಕಾಗುತ್ತದೆ.

ಸ್ಪೀಕರಿನ ಮಾತು ಎತ್ತುವುದಿಲ್ಲ. 10 ಕಿಲೋದಲ್ಲಿ ಅದಕ್ಕೆ ಜಾಗವಿಲ್ಲ ಎಂಬುದೇ ಸಮಾಧಾನ.

ದರ ಕೇಳುವಾಗ ಮೂರನ್ನು ಬೇರೆ ಬೇರೆ ಕೇಳಿ. ವಸತಿ ಮತ್ತು ಮೂರು ಹೊತ್ತಿನ ಊಟ ತಲೆಗಿಷ್ಟು ಎಂದಿರುತ್ತದೆ. ಗೈಡಿನ ಕೂಲಿ ಗುಂಪಿಗೆ ದಿನಕ್ಕಿಷ್ಟು, ಆದ್ದರಿಂದ ಇಬ್ಬರಿಗಿಂತ ನಾಲ್ವರಿಗೆ ಹಗುರ. ಹೊರೆ ಹೊರುವವರು, ವಿಮಾನ ನಿಲ್ದಾಣದಿಂದ ಮನೆಗೆ ಗಾಡಿ ಇವು ಬೇರೆ. ಚೌಕಾಸಿ ಬೇಡ. ನಮ್ಮ ಕಡೆ ಜೀಪಿನವರ ಜೊತೆ ಎಳೆದಾಡುವ ಹಾಗೆ ಇಲ್ಲಿ ಎಳೆದಾಡಿದರೆ ಯಾರೂ ಜಗಳ ಮಾಡುವುದಿಲ್ಲ. ಸುಮ್ಮನೆ ಮನೆಯಲ್ಲಿ ಜಾಗ ಇಲ್ಲ ಎಂದುಬಿಡುತ್ತಾರೆ.

ಊಟಕ್ಕೆ ಬರೋಣ. ಬಾರಿಯೊ ಹೆಸರಾಗಿರುವುದೇ ಅಕ್ಕಿಗೆ. ಸಣ್ಣ ಕಾಳು, ಸ್ವಲ್ಪ ಅಂಟು, ಮೃದು. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಒಂದೇ ಬೆಳೆ. ನಾಟಿಯಿಂದ ಕೊಯ್ಲಿಗೆ ಸುಮಾರು ಆರು ತಿಂಗಳು. ಬೆಟ್ಟದಿಂದ ಇಳಿದ ತಣ್ಣನೆಯ ನೀರು ಗದ್ದೆಯಿಂದ ಗದ್ದೆಗೆ ಹರಿಯುತ್ತದೆ. ಕೊಯ್ಲಾದ ಮೇಲೆ ಎಮ್ಮೆಗಳನ್ನು ಗದ್ದೆಗೆ ಬಿಡುತ್ತಾರೆ. ಅವು ಹುಲ್ಲು ಮೇಯುತ್ತವೆ, ಕೆಸರು ತುಳಿಯುತ್ತವೆ, ಗೊಬ್ಬರವನ್ನೂ ಹಾಕುತ್ತವೆ. ಮಲೆನಾಡಿನಲ್ಲಿ ಗದ್ದೆ ಬೀಳುಬಿಟ್ಟು ಅಡಿಕೆ ಹಾಕಿದ್ದನ್ನು ನೋಡಿದವರಿಗೆ ಇಲ್ಲಿ ಬಯಲಿಗೆ ಬಯಲೇ ಭತ್ತವಾಗಿರುವುದು ಹೊಟ್ಟೆಕಿಚ್ಚು ತರಿಸುತ್ತದೆ. ಆದರೆ ಅದರ ಹಿಂದೆಯೂ ಆಳಿನ ಕೊರತೆ ಇದೆ; ಗಡಿಯಾಚೆಯ ಕಾಲಿಮಂತಾನ್‌ನಿಂದ ಕೂಲಿಗೆ ಬರುವವರನ್ನು ನಂಬಿಕೊಂಡ ಮನೆಗಳು ಇವೆ.

ಈ ಅಕ್ಕಿಯ ಅನ್ನವನ್ನು ಚೆನ್ನಾಗಿ ಬೇಯಿಸಿ, ಬಿಸಿಯಿರುವಾಗಲೇ ಮಸೆದು ಮುದ್ದೆ ಮಾಡಿ, ಅಗಲವಾದ ಕಾಡೆಲೆಯಲ್ಲಿ ಮಡಚಿ ಕಟ್ಟುತ್ತಾರೆ. ನುಬಾ ಲಾಯಾ ಎಂದು ಹೆಸರು. ಎಲೆ ಬಿಚ್ಚಿದರೆ ತಟ್ಟೆಯೂ ಆಯಿತು, ಪರಿಮಳವೂ ಬಂತು. ನಡಿಗೆಗೆ ಹೊರಟಾಗ ಬುತ್ತಿಯೂ ಇದೇ: ಎಲೆಗಂಟು ಚೀಲದಲ್ಲಿ ಹಿಚುಕಿದರೂ ಸೋರುವುದಿಲ್ಲ, ತಿಂದ ಮೇಲೆ ಎಲೆ ಕಾಡಿಗೇ ಬಿಟ್ಟರಾಯಿತು. ಚಾರಣಕ್ಕೆ ಹೊರಡುವವರಿಗೆ ಅಲ್ಯೂಮಿನಿಯಂ ಹಾಳೆಯಲ್ಲಿ ಚಿತ್ರಾನ್ನ, ಪ್ಲಾಸ್ಟಿಕ್ಕಿನಲ್ಲಿ ಚಟ್ನಿ ಕಟ್ಟಿಕೊಡುವ ನಮ್ಮ ಹೋಂಸ್ಟೇಗಳು ಬಾಳೆ ಎಲೆ ಇರುವ ಊರಿನಲ್ಲೇ ಇವೆ ಎಂಬುದನ್ನು ನೆನೆದರೆ ಸಿಟ್ಟು ಬರುತ್ತದೆ.

ಉಪ್ಪನ್ನೂ ಅವರೇ ಮಾಡಿಕೊಳ್ಳುತ್ತಾರೆ, ಸಮುದ್ರದಿಂದ ಇಷ್ಟು ದೂರದ ಬೆಟ್ಟದಲ್ಲಿ. ಬಾರಿಯೊದಿಂದ ನಡೆದು ಹೋಗಬಹುದಾದ ಪಾ ಉಮೋರ್ ಊರಿನ ಬಳಿ ಉಪ್ಪುನೀರಿನ ಒರತೆಯಿದೆ. ಆ ನೀರನ್ನು ದೊಡ್ಡ ಡ್ರಮ್ಮು, ಬಾಣಲೆಗಳಲ್ಲಿ ಸೌದೆ ಬೆಂಕಿಯ ಮೇಲೆ, ಉರಿ ಆರಗೊಡದೆ, ಬತ್ತಿಸುತ್ತಾ ಹೋಗುತ್ತಾರೆ. ತಳದಲ್ಲಿ ಉಳಿದ ಹಸಿ ಉಪ್ಪನ್ನು ಬಿದಿರಿನ ಅಂಡೆಗೆ ಒತ್ತಿ ತುಂಬಿ, ಅಂಡೆಯನ್ನೇ ಬೆಂಕಿಗಿಡುತ್ತಾರೆ. ಬಿದಿರು ಸುಟ್ಟು ಕರಕಲಾಗುವ ಹೊತ್ತಿಗೆ ಒಳಗಿನ ಉಪ್ಪು ಕೋಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಎಲೆಯಲ್ಲಿ ಸುತ್ತಿ ಕಟ್ಟಿದರೆ ಈ ತೇವದ ಹವೆಯಲ್ಲೂ ನೀರೊಡೆಯದೆ ಉಳಿಯುತ್ತದೆ. ಅಯೋಡಿನ್ ಇರುವ ಉಪ್ಪು, ಗುಡ್ಡಗಾಡಿನಲ್ಲಿ ಗಳಗಂಡಕ್ಕೆ ಔಷಧಿಯಿದ್ದಂತೆ. ಇಷ್ಟು ಸೌದೆ, ಇಷ್ಟು ಹೊತ್ತಿನ ದುಡಿಮೆಗೆ ಕೇಳುವ ಬೆಲೆ ಜಾಸ್ತಿಯಲ್ಲ. ಮನೆಗೆ ತರುವುದಿದ್ದರೆ ಆ ಖಾಲಿ ಬಿಟ್ಟ ಒಂದೂವರೆ ಕಿಲೋ ಇದಕ್ಕೂ ಅಕ್ಕಿಗೂ ಸಾಕು.

ಸಸ್ಯಾಹಾರಿಗಳು ಬದುಕಬಹುದು, ಮೊದಲೇ ಹೇಳಿದರೆ. ಅನ್ನ, ಕಾಡಿನ ಜರಿಗಿಡದ ಚಿಗುರು, ಕಳಲೆ, ಮರಗೆಣಸಿನ ಎಲೆ, ಅಣಬೆ, ಕಾಡುಶುಂಠಿಯ ಹೂವು, ಅನಾನಸ್ ಎಲ್ಲ ಸಿಗುತ್ತದೆ. ಮಳೆಗಾಲದಲ್ಲಿ ತೆರ್ಮೆ ಸೊಪ್ಪು, ಕಳಲೆ ತಿನ್ನುವ ಕೊಡಗಿನವರಿಗೆ ಇದು ಮನೆಯೂಟವೇ ಸರಿ. ತೊಂದರೆ ಇರುವುದು ಒಗ್ಗರಣೆಯಲ್ಲಿ. ಸೊಪ್ಪು ಹುರಿಯುವಾಗ ಒಣ ನೆತ್ತೋಲಿ, ಸಿಗಡಿ ಹುದುಗಿಸಿ ಮಾಡಿದ ಬೆಲಾಚಾನ್ ಎಂಬ ಮುದ್ದೆ, ಕೆಲವೊಮ್ಮೆ ಹಂದಿಯ ಕೊಬ್ಬು ಬೀಳುತ್ತದೆ. "ವೆಜಿಟೇರಿಯನ್" ಎಂದರೆ ಮಾಂಸ ತುಂಡು ಹಾಕಬಾರದು ಎಂದಷ್ಟೇ ತಿಳಿಯುತ್ತಾರೆ. ಮಲಯ್ ಭಾಷೆಯಲ್ಲಿ ಒಂದೊಂದನ್ನೇ ಹೆಸರಿಸಬೇಕು: "ಸಾಯಾ ತಿದಾಕ್ ಮಾಕಾನ್ ದಾಗಿಂಗ್, ಇಕಾನ್, ಉದಾಂಗ್, ಬೆಲಾಚಾನ್." ಮಾಂಸ, ಮೀನು, ಸಿಗಡಿ, ಬೆಲಾಚಾನ್ ತಿನ್ನುವುದಿಲ್ಲ ಎಂದರ್ಥ. ಇದನ್ನು ಬುಕ್ ಮಾಡುವಾಗಲೇ ಹೇಳಿ. ಒಲೆ ಹೊತ್ತಿಸಿದ ಮೇಲೆ ಹೇಳುವುದು ಯಾವ ದೇಶದಲ್ಲೂ ಮರ್ಯಾದೆಯಲ್ಲ. ಒಂದು ಡಬ್ಬಿ ಚಟ್ನಿಪುಡಿ, ಸ್ವಲ್ಪ ಉಪ್ಪಿನಕಾಯಿ ಜೊತೆಗಿದ್ದರೆ ನಿಮಗೂ ನೆಮ್ಮದಿ, ಅವರಿಗೂ ಹೊಸರುಚಿ. ಮಾಂಸ ತಿನ್ನುವವರಿಗೆ ಕಾಡುಹಂದಿ, ಜಿಂಕೆ ಬಡಿಸಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಇದು ಜೈಲಿನ ದಾರಿ. ಸರವಾಕ್‌ನಲ್ಲಿ ಬುಡಕಟ್ಟಿನವರು ಮನೆಬಳಕೆಗೆ ಬೇಟೆಯಾಡಬಹುದು, ಕಾಡುಮಾಂಸದ ವ್ಯಾಪಾರವನ್ನು ಮಾತ್ರ 1998ರ ಕಾನೂನು ತಡೆದಿದೆ. ತಟ್ಟೆಗೆ ಬಂದದ್ದನ್ನು ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಂಡು ಕಟ್ಟಿಸಿಕೊಂಡು ಹೊರಡಬೇಡಿ.

ನಡಿಗೆಗೆ ಬಂದರೆ, ಮಲೆನಾಡಿನವರು ತಮಗೆ ಎಲ್ಲ ಗೊತ್ತು ಎಂದುಕೊಂಡು ಜಾರುವುದು ಇಲ್ಲಿ. ನಮ್ಮ ಕಾಡಿಗೆ ಋತು ಇದೆ: ಜೂನ್‌ನಿಂದ ಮಳೆ ಮತ್ತು ಉಂಬಳ, ಜನವರಿ ಕಳೆದರೆ ಒಣ ತರಗೆಲೆ, ಬೇಸಿಗೆಯಲ್ಲಿ ಬೆಂಕಿಯ ಭಯ. ಸಮಭಾಜಕದಿಂದ ನಾಲ್ಕು ಡಿಗ್ರಿಯೊಳಗಿರುವ ಬಾರಿಯೊಗೆ ಹಾಗೆ ಒಣ ತಿಂಗಳು ಎಂಬುದಿಲ್ಲ. ವರ್ಷವಿಡೀ ಮಳೆ, ವರ್ಷವಿಡೀ ಉಂಬಳ, ವರ್ಷವಿಡೀ ಕೆಸರು. ಸೂರ್ಯ ಸಂಜೆ ಆರೂಕಾಲು, ಆರೂವರೆಗೆ ಮುಳುಗುತ್ತಾನೆ, ಆಗಸ್ಟ್ ಆದರೂ ಅಷ್ಟೇ, ಜನವರಿ ಆದರೂ ಅಷ್ಟೇ. ಮರದ ಕೆಳಗೆ ಐದೂವರೆಗೇ ಕತ್ತಲು. ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಏಳಕ್ಕೆ ಹೊರಟು ಎರಡರೊಳಗೆ ಮುಟ್ಟುವಂತೆ ಲೆಕ್ಕ ಹಾಕಿ. ರಾತ್ರಿ 18 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ನೆನೆದು ಬಂದವರಿಗೆ ಅದು ಸಾಕಷ್ಟು ಚಳಿ.

ಬೂಟಿನ ವಿಷಯದಲ್ಲಿ ದುಡ್ಡು ಸುರಿಯಬೇಡಿ. ಮಿರಿಯ ಯಾವ ಸಾಮಾನಿನ ಅಂಗಡಿಯಲ್ಲೂ "ಕಂಪುಂಗ್ ಅಡಿಡಾಸ್" ಕೇಳಿ: ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕಪ್ಪು ರಬ್ಬರ್ ಬೂಟು, ಅಡಿಯಲ್ಲಿ ಫುಟ್‌ಬಾಲ್ ಬೂಟಿನಂಥ ಗುಬುಟುಗಳು. ಊರಿನವರೂ ಗೈಡುಗಳೂ ಹಾಕುವುದು ಇದನ್ನೇ. ಸಾವಿರಾರು ರೂಪಾಯಿಯ ವಾಟರ್‌ಪ್ರೂಫ್ ಬೂಟು ಈ ಕೆಸರಲ್ಲಿ ಯಾಕೆ ಸೋಲುತ್ತದೆಂದರೆ, ನೀರು ಮೇಲಿನಿಂದ ಒಳಗೆ ಬರುತ್ತದೆ, ಒಮ್ಮೆ ಬಂದರೆ ಹೊರಗೆ ಹೋಗುವುದಿಲ್ಲ, ಈ ಹವೆಯಲ್ಲಿ ಎರಡು ದಿನಕ್ಕೂ ಒಣಗುವುದಿಲ್ಲ. ರಬ್ಬರ್ ಬೂಟನ್ನು ಕವುಚಿ ಹಾಕಿದರೆ ನೀರು ಹೋಯಿತು. ದೊಡ್ಡ ಪಾದದವರಿಗೆ ಅಳತೆ ಸಿಗುವುದು ಕಷ್ಟ, ಅಂಗಡಿಗೆ ಮೊದಲ ದಿನವೇ ಹೋಗಿ. ಒಳಗೆ ದಪ್ಪ ಕಾಲುಚೀಲ ಹಾಕದಿದ್ದರೆ ಹಿಮ್ಮಡಿ ಕಿತ್ತುಬರುತ್ತದೆ.

ಉಂಬಳದಲ್ಲಿ ಇಲ್ಲಿ ಎರಡು ಜಾತಿ ಕಾಣುತ್ತೀರಿ. ಕಂದು ಬಣ್ಣದ್ದು ನೆಲದಿಂದ ಹತ್ತುತ್ತದೆ, ಕಚ್ಚಿದ್ದು ಗೊತ್ತಾಗುವುದಿಲ್ಲ. ಇದು ನಮ್ಮ ಕಡೆಯದರ ನೆಂಟ. ಪಟ್ಟೆ ಪಟ್ಟೆಯ ಹುಲಿ ಉಂಬಳ ಸೊಂಟದೆತ್ತರದ ಎಲೆಗಳ ಮೇಲೆ ಕಾದು ಕೂರುತ್ತದೆ, ಕಚ್ಚಿದರೆ ಚುರ್ ಎನ್ನುತ್ತದೆ. ಹಾಗಾಗಿ ಕಾಲಿಗೆ ಮಾತ್ರ ಹಚ್ಚುವ ಮಲೆನಾಡಿನ ಸುಣ್ಣ, ನಶ್ಯ, ಹೊಗೆಸೊಪ್ಪಿನ ಎಣ್ಣೆ ಇಲ್ಲಿ ಅರ್ಧ ಕೆಲಸ ಮಾಡುತ್ತದೆ. ಹಳ್ಳ ದಾಟಿದರೆ ಆ ಅರ್ಧವೂ ತೊಳೆದುಹೋಗುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗಿನ ಉಂಬಳದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ಶರ್ಟನ್ನು ಪ್ಯಾಂಟಿನೊಳಗೆ ಸೇರಿಸಿ. ಕಚ್ಚಿಬಿಟ್ಟರೆ ಉಪ್ಪು, ಬೆಂಕಿಕಡ್ಡಿ ಬೇಡ: ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕುತ್ತದೆ. ಸಣ್ಣ ತುದಿಯ ಬಾಯಿಯ ಪಕ್ಕ ಉಗುರು ಜಾರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ ಬಿಡಿಸಿ ಚಿಮ್ಮಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅದರ ಜೊಲ್ಲಿನಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ತೊಳೆದು ಒತ್ತಿ ಹಿಡಿದು ಪಟ್ಟಿ ಹಾಕಿ. ತುರಿಸಿಕೊಂಡರೆ ಮಾತ್ರ ಕೀವು ಗ್ಯಾರಂಟಿ.

ಬಾರಿಯೊದ ಹಿಂದಿನ ಪ್ರಾರ್ಥನಾ ಬೆಟ್ಟ ಅರ್ಧ ದಿನದ ಕೆಲಸ. ಹತ್ತಿರ ಕಾಣುತ್ತದೆ, ಕೊನೆಯ ಭಾಗ ಬಹಳ ಕಡಿದು. ಹತ್ತುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು ಜಾಗ್ರತೆ. ಪಾ ಲುಂಗಾನ್ ಊರಿಗೆ ಒಂದು ದಿಕ್ಕಿಗೆ ಮೂರು-ನಾಲ್ಕು ಗಂಟೆ. ಅಲ್ಲೇ ರಾತ್ರಿ ತಂಗಿ ಬರಬೇಕು. ಈ ದಾರಿಯ ತೊಂದರೆ ಏರು ಅಲ್ಲ, ಎಮ್ಮೆ. ಸಾಮಾನು ಎಳೆಯುವ ಎಮ್ಮೆಗಳ ಗೊರಸು ಕೆಸರಿನಲ್ಲಿ ಮೊಣಕಾಲಾಳದ ಗುಂಡಿ ಮಾಡಿರುತ್ತದೆ, ಮೇಲೆ ನೀರು ನಿಂತು ಸಪಾಟಾಗಿ ಕಾಣುತ್ತದೆ. ಬೇರಿನ ಮೇಲೆ ಕಾಲಿಡಬೇಡಿ, ಬೇರುಗಳ ನಡುವೆ ಇಡಿ. ಸಿಪ್ಪೆ ಹೋದ ಒದ್ದೆ ಮರದ ದಿಮ್ಮಿ ಸೋಪಿಗಿಂತ ಜಾರುತ್ತದೆ. ಗಂಟು, ಕಚ್ಚು ಇರುವಲ್ಲಿ ಹೆಜ್ಜೆ ಹಾಕಿ. ಜಾರಿದಾಗ ಪಕ್ಕದ ಗಿಡ ಹಿಡಿಯುವ ಅಭ್ಯಾಸ ಬಿಡಿ, ಅದು ಬೆತ್ತವಾಗಿದ್ದರೆ ಅಂಗೈ ಹರಿದುಹೋಗುತ್ತದೆ. ಒಂದು ಊರುಗೋಲು ಕಡಿಸಿಕೊಳ್ಳಿ. ಚೀಲಕ್ಕೆ ಹೊರಗಿನ ಮಳೆಹೊದಿಕೆ ಸಾಲದು, ನೀರು ಬೆನ್ನ ಕಡೆಯಿಂದ ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು ಅದರಲ್ಲಿ ಬಟ್ಟೆ ತುಂಬಿ. ನಡೆಯುವ ಬಟ್ಟೆ ಒಂದು ಜೊತೆ, ರಾತ್ರಿಯ ಒಣ ಬಟ್ಟೆ ಒಂದು ಜೊತೆ. ಬೆಳಿಗ್ಗೆ ಎಷ್ಟೇ ಬೇಜಾರಾದರೂ ಒದ್ದೆ ಜೊತೆಯನ್ನೇ ಮತ್ತೆ ಹಾಕಿಕೊಳ್ಳಬೇಕು. ಗೈಡಿಲ್ಲದೆ ಹೋಗುವ ಮಾತೇ ಬೇಡ. ಎಮ್ಮೆದಾರಿ, ಬೇಟೆದಾರಿ, ಊರದಾರಿ ಮೂರೂ ಒಂದೇ ಥರ ಕಾಣುತ್ತವೆ, ಕಾಡಿನೊಳಗೆ ಫೋನ್ ಸಿಗ್ನಲ್ ಇರುವುದಿಲ್ಲ.

ಮರಳುಮಣ್ಣಿನ, ಕುಳ್ಳ ಮರಗಳ ಕಾಡು ಸಿಕ್ಕಾಗ ಮಾತ್ರ ನಿಲ್ಲಿ. ಹುಳ ಹಿಡಿಯುವ ಹೂಜಿಗಿಡಗಳು ಇಲ್ಲಿ ದಾರಿಬದಿಯಲ್ಲೇ ಸಿಗುತ್ತವೆ. ಭಾರತದಲ್ಲಿ ಅವನ್ನು ಕಾಡಿನಲ್ಲಿ ನೋಡಬೇಕಾದರೆ ಮೇಘಾಲಯಕ್ಕೆ ಹೋಗಬೇಕು, ಪಶ್ಚಿಮಘಟ್ಟದಲ್ಲಿಲ್ಲ.

ಕಾಯಿಲೆಯ ವಿಷಯದಲ್ಲಿ ಎರಡು ಕಡೆಗೂ ಒಂದು ವಿಚಿತ್ರ ಸಾಮ್ಯವಿದೆ: ಮಂಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಮಂಗನ ಕಾಯಿಲೆಯನ್ನು ಗುರುತಿಸಿದರು, ಹರಡುವುದು ಉಣುಗು. ಸರವಾಕ್‌ನಲ್ಲಿ ಮಂಗಗಳ ಮಲೇರಿಯಾ ಮನುಷ್ಯರಲ್ಲಿ ವ್ಯಾಪಕವಾಗಿದೆ ಎಂಬುದನ್ನು ಕಾಪಿತ್ ಎಂಬಲ್ಲಿನ ರೋಗಿಗಳ ಅಧ್ಯಯನ 2004ರಲ್ಲಿ ತೋರಿಸಿತು; ಹರಡುವುದು ಕಾಡಿನ ಸೊಳ್ಳೆ. ಈ ರೋಗಾಣು ರಕ್ತದಲ್ಲಿ ಪ್ರತಿ 24 ಗಂಟೆಗೊಮ್ಮೆ ಮರಿ ಮಾಡುತ್ತದೆ, ಬೇರೆ ಮಲೇರಿಯಾಗಳಿಗಿಂತ ಬೇಗ ಏರುತ್ತದೆ. ಅದಕ್ಕೇ "ನಾಳೆ ನೋಡೋಣ" ಎಂಬುದು ಇದರಲ್ಲಿ ಸಲ್ಲ. ಹೊರಡುವ ಮೊದಲು ವೈದ್ಯರಲ್ಲಿ ಮಾತ್ರೆಯ ಬಗ್ಗೆ ಕೇಳಿ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಹಿಂತಿರುಗಿದ ಮೇಲೂ ನಾಲ್ಕು ವಾರ ನುಂಗಬೇಕು, ಮಧ್ಯೆ ಬಿಡಬಾರದು. ಬೆಂಗಳೂರಿಗೆ ಬಂದ ಮೇಲೆ ಜ್ವರ ಬಂದರೆ ಡೆಂಗಿ ಎಂದು ತಾವೇ ತೀರ್ಮಾನಿಸದೆ, ಬೋರ್ನಿಯೋ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಿ ರಕ್ತಲೇಪನ ಪರೀಕ್ಷೆ ಮಾಡಿಸಿ. ಹೊಳೆನೀರು, ಕೆಸರಿನ ಕಡೆಯಿಂದ ಇಲಿಜ್ವರದ ಭಯವೂ ಇದೆ. ಗಾಯಗಳನ್ನು ಮುಚ್ಚಿಯೇ ನೀರಿಗಿಳಿಯಿರಿ.

ಅಲ್ಲಿಯದೆಲ್ಲ ಹಾಲು-ಜೇನು ಎಂದು ನಾನು ಹೇಳುವುದಿಲ್ಲ. ನಮ್ಮ ಘಟ್ಟದ ಹಳ್ಳಿಯಿಂದ ಬಸ್ಸು ಹತ್ತಿ ತಾಲ್ಲೂಕು ಆಸ್ಪತ್ರೆ ಸೇರಬಹುದು. ಬಾರಿಯೊದಲ್ಲಿ ಪರಿಸ್ಥಿತಿ ಕೈಮೀರಿದರೆ ವಿಮಾನವೋ ಹೆಲಿಕಾಪ್ಟರೋ ಬರಬೇಕು, ಅದಕ್ಕೆ ಮೋಡ ಒಪ್ಪಬೇಕು. ಒಂದು ಮೂಟೆ ಸಿಮೆಂಟು ಅಲ್ಲಿ ಮುಟ್ಟುವ ಹೊತ್ತಿಗೆ ಅದರ ಬೆಲೆ ಊರಿನವರಿಗೇ ಗೊತ್ತು. ರಸ್ತೆ ಒಳ್ಳೆಯದಾಗಲಿ ಎಂದು ಕೇಳುವ ಹಕ್ಕು ಅವರಿಗಿದೆ, "ಹೀಗೇ ಇರಲಿ, ಚೆಂದ" ಎನ್ನುವ ಹಕ್ಕು ನಾಲ್ಕು ದಿನಕ್ಕೆ ಬಂದ ನಮಗಿಲ್ಲ. ಒಳ್ಳೆಯ ರಸ್ತೆ ಬಂದ ಮೇಲೆ ಅವರೂ ನಮ್ಮ ಹಾಗೆ ಆಗುತ್ತಾರೆಯೇ? ಆಗಬಹುದು. ಆದರೆ ಅಂಥ ರಸ್ತೆ ಬರುವ ಮೊದಲೇ ಅವರಲ್ಲಿ ಒಂದು ಕಟ್ಟು ಬೆಳೆದಿದೆ: ಯಾರ ಮನೆಗೆ ಬಂದವರು ಎಂದು ಹೇಳಲಾಗದ ಅತಿಥಿ ಆ ಊರಿನಲ್ಲಿರುವುದಿಲ್ಲ, ಊರಿನ ಗೈಡಿಲ್ಲದೆ ಕಾಡಿಗೆ ಯಾರೂ ಕಾಲಿಡುವುದಿಲ್ಲ, ಊಟ ಹೊರಗಿನ ಹೋಟೆಲಿನದಲ್ಲ. 2000ದ ಆಸುಪಾಸಿಗೇ ಸರವಾಕ್ ವಿಶ್ವವಿದ್ಯಾಲಯದ ಇ-ಬಾರಿಯೊ ಯೋಜನೆಯಲ್ಲಿ ಉಪಗ್ರಹದ ಮೂಲಕ ಇಂಟರ್‌ನೆಟ್ ಬಂದಾಗ, ಆ ಸೌಲಭ್ಯವನ್ನು ಊರಿನವರು ತಮ್ಮ ಮನೆಗಳಿಗೆ ಅತಿಥಿಗಳನ್ನು ತಾವೇ ಕರೆಸಿಕೊಳ್ಳಲು ಬಳಸಿದರು.

ನಮ್ಮಲ್ಲಿ ಆಗಬೇಕಾದದ್ದು ಇದೇ ತುದಿಯಿಂದ. ಹೋಂಸ್ಟೇ ಎಂದರೆ ಯಜಮಾನರು ಅಲ್ಲೇ ವಾಸವಿರಬೇಕು ಎಂಬ ನಿಯಮ ಕಾಗದದಲ್ಲಿ ಈಗಾಗಲೇ ಇದೆ. ಎಷ್ಟು ಕಡೆ ಬೆಂಗಳೂರಿನ ಮಾಲೀಕ, ಹೊರಗಿನ ಮ್ಯಾನೇಜರ್, ಬೇಲಿಯಾಚೆ ಊರು ಎಂಬ ಸ್ಥಿತಿ ಇದೆ ಎಂದು ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯವರನ್ನೇ ಕೇಳಿ. ಚಾರಣದ ಬುಕಿಂಗ್ ತಾಣದಲ್ಲಿ ಹೆಸರು, ಆಧಾರ್ ಸಂಖ್ಯೆ ತುಂಬಿಸುವಾಗ ಇನ್ನೊಂದು ಅಂಕಣ ಸೇರಿಸಲು ಖರ್ಚೇನೂ ಇಲ್ಲ: ರಾತ್ರಿ ಯಾರ ಮನೆಯಲ್ಲಿ ಉಳಿಯುತ್ತೀರಿ. ಆ ಮನೆಯವರು ಹೌದು ಎಂದು ಒಪ್ಪಿದ ಮೇಲೆ ಚೀಟಿ ಬರಲಿ. ಗೈಡಿನ ಹಣ ಬೆಟ್ಟದ ಬುಡದ ಗ್ರಾಮ ಅರಣ್ಯ ಸಮಿತಿಗೆ ನೇರ ಹೋಗಲಿ, ಬುತ್ತಿ ಎಲೆಯಲ್ಲಿ ಕಟ್ಟಿಸಲಿ. ದಿನಕ್ಕೆ ಎಷ್ಟು ಜನ ಎಂಬುದನ್ನು ಮೊದಲು ಆ ಊರಿನವರೇ ತಮ್ಮ ಬಾವಿ, ಪಾಯಿಖಾನೆ, ಒಲೆ ಎಣಿಸಿ ಹೇಳಲಿ, ಬೆಟ್ಟ ತಡೆಯುವ ಸಂಖ್ಯೆಯನ್ನು ಇಲಾಖೆ ಆಮೇಲೆ ಹೇಳಲಿ, ಎರಡರಲ್ಲಿ ಚಿಕ್ಕದು ಯಾವುದೋ ಅದು ಜಾರಿಯಾಗಲಿ.